ಹಿಂದಿನ ಸೀಟಿನಲ್ಲಿ ಕೂರುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೈಕ್ ಓಡಿಸುವುದನ್ನು ಕಲಿಸಿಕೊಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಹಿಂದೆ ಕೂರುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. 110 ಕೆ.ಜಿ. ಆಸುಪಾಸಿನ 100 ಸಿ.ಸಿ. ಬೈಕಿಗೆ 60 ಕೆ.ಜಿ.ಯವರೊಬ್ಬರು ಹತ್ತಿದರೆ ವಾಹನದ ತೂಕದ ಅರ್ಧಕ್ಕಿಂತ ಹೆಚ್ಚು ಭಾರ ಹಿಂಬದಿಗೆ ಸೇರಿತು. ಅದೂ ತಿರುಗಿ ನೋಡುವ, ಸರಿದು ಕೂರುವ, ಬೆಚ್ಚಿಬೀಳುವ ಭಾರ. ಬೈಕಿನ ಸಮತೋಲದಲ್ಲಿ ಹಿಂದೆ ಕೂತವರ ಪಾಲೂ ಇದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇದ್ದವು.

ಪ್ರಶ್ನೆ: ನಮ್ಮ ಯಜಮಾನರು ತಿರುವಿನಲ್ಲಿ ಬೈಕ್ ವಾಲಿಸಿದಾಗ ನನಗೆ ಜೀವ ಬಾಯಿಗೆ ಬರುತ್ತದೆ. ಗೊತ್ತಿಲ್ಲದೇ ಇನ್ನೊಂದು ಬದಿಗೆ ವಾಲುತ್ತೇನೆ. ‘ಅಲ್ಲಾಡಬೇಡ, ಸುಮ್ಮನೆ ಕೂತ್ಕೋ’ ಎನ್ನುತ್ತಾರೆ. ಘಾಟಿಯಲ್ಲಂತೂ ಪ್ರತಿ ತಿರುವಿಗೂ ಇದೇ ಪಾಡು. ಹೇಗೆ ಕೂರಬೇಕು?
— ಓದುಗರು, ಶಿವಮೊಗ್ಗ

ಉತ್ತರ: ವಾಲದೆ ಬೈಕ್ ತಿರುಗುವುದಿಲ್ಲ. ಇಂಥ ವೇಗದಲ್ಲಿ ಇಂಥ ತಿರುವು ದಾಟಬೇಕಾದರೆ ಬೈಕು ಮತ್ತು ಅದರ ಮೇಲಿರುವ ಇಬ್ಬರ ಒಟ್ಟು ಭಾರ ಇಷ್ಟು ಒಳಕ್ಕೆ ವಾಲಲೇಬೇಕು. ನೀವು ಹೊರಬದಿಗೆ ವಾಲಿದರೆ ಆ ಕೊರತೆ ತುಂಬಲು ಅವರು ಬೈಕನ್ನು ಇನ್ನಷ್ಟು ಬಗ್ಗಿಸಬೇಕಾಗುತ್ತದೆ. ಬೀಳಬಾರದು ಎಂದು ನೀವು ಮಾಡಿದ್ದೇ ಬೈಕನ್ನು ನೆಲಕ್ಕೆ ಹತ್ತಿರ ತರುತ್ತದೆ. ಇಬ್ಬರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಮೊದಲೇ ಕುಗ್ಗಿರುವುದರಿಂದ ಫುಟ್‌ರೆಸ್ಟೋ ಮೇನ್ ಸ್ಟ್ಯಾಂಡೋ ರಸ್ತೆಗೆ ಉಜ್ಜುವುದೂ ಇಂಥ ಹೊತ್ತಿನಲ್ಲೇ.

ಎಷ್ಟು ವಾಲಬೇಕು ಎಂದು ಲೆಕ್ಕ ಹಾಕಲು ಹೋಗಬೇಡಿ. ಎಡ ತಿರುವು ಬಂದರೆ ಅವರ ಎಡ ಭುಜದ ಮೇಲಿಂದ, ಬಲ ತಿರುವು ಬಂದರೆ ಬಲ ಭುಜದ ಮೇಲಿಂದ ಮುಂದಿನ ರಸ್ತೆಯನ್ನು ನೋಡಿ. ಕಣ್ಣು ಹೋದ ಕಡೆ ತಲೆ, ತಲೆ ಹೋದ ಕಡೆ ಮೈ. ಬೇಕಾದಷ್ಟು ವಾಲುವಿಕೆ ತಾನಾಗಿ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಡ. ನಿಮ್ಮ ಬೆನ್ನು ಅವರ ಬೆನ್ನಿನ ಸಾಲಿನಲ್ಲೇ ಇರಲಿ. ಕೆಳಗೆ ಓಡುವ ಡಾಂಬರನ್ನು ನೋಡಿದರೆ ಭಯ ಹೆಚ್ಚಾಗುತ್ತದೆ, ಕಣ್ಣು ಮುಚ್ಚಿದರೆ ಇನ್ನೂ ಹೆಚ್ಚು. ತಿರುವಿನ ನಡುವೆ ಸೀಟಿನಲ್ಲಿ ಸರಿಯುವುದು, ಬ್ಯಾಗ್ ಸರಿಪಡಿಸಿಕೊಳ್ಳುವುದು ಬೇಡ. ತಿರುವಿಗೆ ಮೊದಲು ಅಥವಾ ನೇರ ರಸ್ತೆಗೆ ಬಂದ ಮೇಲೆ ಸರಿದು ಕೂತುಕೊಳ್ಳಿ.

ನಡಿಗೆಯ ವೇಗದಲ್ಲಿ ಮಾಡುವ ಯು-ಟರ್ನ್, ಟ್ರಾಫಿಕ್ಕಿನಲ್ಲಿ ನುಸುಳುವುದು ಬೇರೆಯೇ ಲೆಕ್ಕ. ಅಲ್ಲಿ ಓಡಿಸುವವರು ಹ್ಯಾಂಡಲ್‌ನಿಂದಲೇ ಸಮತೋಲ ಕಾಯುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ವಾಲುವುದೇ ಬೇಡ, ಕತ್ತು ಕೂಡ ತಿರುಗಿಸದೆ ಕೂತರೆ ಅವರಿಗೆ ದೊಡ್ಡ ಉಪಕಾರ.

ಸೋಮೇಶ್ವರದಿಂದ ಆಗುಂಬೆ ಹತ್ತುವಾಗ 14 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಏರು ಶುರುವಾಗುವ ಮೊದಲೇ ಸೀಟಿನಲ್ಲಿ ಒಂದು ಗೇಣು ಮುಂದೆ ಸರಿದು ಕೂತುಕೊಳ್ಳಿ. ಹಿಂದೆ ಕೂತವರ ಭಾರ ಹಿಂಚಕ್ರದ ಅಚ್ಚಿನ ನೇರಕ್ಕೆ ಅಥವಾ ಅದಕ್ಕೂ ಹಿಂದೆ ಹೋದರೆ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ಸಡಿಲವೆನಿಸುತ್ತದೆ. ಇಳಿಯುವಾಗ ಇದಕ್ಕೆ ತಿರುವುಮುರುವು: ನೀವು ಜಾರಿ ಅವರ ಬೆನ್ನ ಮೇಲೆ ಬೀಳುತ್ತೀರಿ, ಆ ಭಾರವೆಲ್ಲ ಅವರ ತೋಳಿಗೆ ಇಳಿದು ಹ್ಯಾಂಡಲ್ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಒಂದು ಕೈ ಹಿಂದಿನ ಗ್ರ್ಯಾಬ್ ರೈಲಿಗೆ (ಸೀಟಿನ ಹಿಂಬದಿಯ ಹಿಡಿಕೆಗೆ) ಹೋಗಲಿ, ತೊಡೆಗಳು ಸೀಟನ್ನು ಒತ್ತಿಕೊಂಡಿರಲಿ.

ಯಜಮಾನರಿಗೂ ಒಂದು ಮಾತು: ಹಿಂದೆ ಕೂತವರು ಹೆದರಿದ್ದಾರೆಂದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಬೈಯುವ ಬದಲು ಆಕ್ಸಿಲರೇಟರ್ ಸ್ವಲ್ಪ ಇಳಿಸಿ.

ಪ್ರಶ್ನೆ: ಭುಜ ಹಿಡಿಯಬೇಕೋ, ಸೊಂಟವೋ, ಹಿಂದಿನ ರೈಲೋ? ಬ್ರೇಕ್ ಹಾಕಿದಾಗಲೆಲ್ಲ ನನ್ನ ಹೆಲ್ಮೆಟ್ ಅಣ್ಣನ ಹೆಲ್ಮೆಟ್‌ಗೆ ಡಿಕ್ಕಿ ಹೊಡೆಯುತ್ತದೆ.
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಭುಜ ಬೇಡ. ಭುಜ ಎಳೆದರೆ ತೋಳು ಎಳೆಯುತ್ತದೆ, ತೋಳಿನ ತುದಿಯಲ್ಲಿ ಹ್ಯಾಂಡಲ್ ಇದೆ. ಗುಂಡಿಯಲ್ಲಿ ಹಾರಿದಾಗ ನೀವು ಅವರ ಬಲ ಭುಜ ಜಗ್ಗಿದರೆ ಆಕ್ಸಿಲರೇಟರ್ ತಿರುಗುವುದೂ ಉಂಟು. ಒಂದು ಕೈ ಅಣ್ಣನ ಸೊಂಟದ ಬೆಲ್ಟಿನ ಹತ್ತಿರ, ಇನ್ನೊಂದು ಕೈ ಹಿಂದಿನ ಗ್ರ್ಯಾಬ್ ರೈಲಿಗೆ. ಬೈಕ್ ಮುಂದಕ್ಕೆ ಜಿಗಿದಾಗ ಸೊಂಟ ಹಿಡಿದ ಕೈ ಕಾಯುತ್ತದೆ, ಬ್ರೇಕ್ ಬಿದ್ದಾಗ ರೈಲು ಹಿಡಿದ ಕೈ ಕಾಯುತ್ತದೆ. ಎರಡೂ ಕೈ ಒಂದೇ ಕಡೆ ಇದ್ದರೆ ಒಂದು ಅಪಾಯಕ್ಕೆ ಮಾತ್ರ ಉತ್ತರ ಸಿಗುತ್ತದೆ. ಈ ರೈಲು ಅಲಂಕಾರದ ಸಾಮಾನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಕೈಹಿಡಿ, ಫುಟ್‌ರೆಸ್ಟ್, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಾಕವಚ, ಈ ಮೂರನ್ನೂ ಕಂಪನಿಯೇ ಕೊಡಬೇಕು. ಚೆಂದಕ್ಕೆಂದು ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ.

ಇನ್ನು ಹೆಲ್ಮೆಟ್ ಡಿಕ್ಕಿ. ಕೈಯಿಂದ ಮಾತ್ರ ಹಿಡಿದುಕೊಂಡರೆ ಅದು ತಪ್ಪುವುದಿಲ್ಲ. ಬ್ರೇಕ್ ಬೀಳುವುದು ಗೊತ್ತಾದ ತಕ್ಷಣ ಪಾದಗಳನ್ನು ಫುಟ್‌ರೆಸ್ಟಿಗೆ ಒತ್ತಿ, ಮೊಣಕಾಲುಗಳಿಂದ ಅಣ್ಣನ ಸೊಂಟದ ಎರಡೂ ಬದಿ ಅಮುಕಿ, ಹೊಟ್ಟೆ ಬಿಗಿ ಮಾಡಿ. ಗೊತ್ತಾಗುವುದು ಹೇಗೆ? ಅವರ ಭುಜದ ಮೇಲಿಂದ ರಸ್ತೆ ನೋಡುತ್ತಿದ್ದರೆ ಮುಂದಿನ ಬಸ್ಸಿನ ಕೆಂಪು ದೀಪ ನಿಮಗೂ ಕಾಣುತ್ತದೆ. ಮೊಬೈಲ್ ನೋಡುತ್ತಾ ಕೂತವರ ಹೆಲ್ಮೆಟ್ಟೇ ಹೆಚ್ಚಾಗಿ ಬಡಿಯುವುದು.

ಹಂಪ್ ಬಂದಾಗ ಸೀಟಿನಿಂದ ಪೂರ್ತಿ ಏಳಬೇಡಿ. ಪಾದದ ಮೇಲೆ ಭಾರ ಹಾಕಿ ಒಂದೆರಡು ಇಂಚು ಹಗುರಾದರೆ ಸಾಕು, ಬೆನ್ನೂ ಉಳಿಯುತ್ತದೆ, ಹಿಂದಿನ ಶಾಕೂ ತಳ ಬಡಿಯುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕಾಲು ಕೆಳಗಿಡಬೇಡಿ. ಎರಡು ಕಾಲೂರಿ ನಿಲ್ಲುವುದು ಓಡಿಸುವವರ ಕೆಲಸ. ಹೊರಟ ಗಳಿಗೆಯಲ್ಲಿ ನಿಮ್ಮ ಒಂದು ಕಾಲು ನೆಲದಲ್ಲೇ ಉಳಿದರೆ ಪಾದ ತಿರುಚಿಕೊಳ್ಳುತ್ತದೆ, ಬೈಕೂ ಒಂದು ಬದಿಗೆ ಎಳೆಯುತ್ತದೆ.

ಪ್ರಶ್ನೆ: ಮದುವೆ, ದೇವಸ್ಥಾನ ಎಂದರೆ ಸೀರೆಯೇ. ಒಂದೇ ಬದಿಗೆ ಕಾಲು ಹಾಕಿ ಕೂರದೆ ಬೇರೆ ದಾರಿಯಿಲ್ಲ. ಸೆರಗು ಚಕ್ರಕ್ಕೆ ಸಿಕ್ಕಿದ ಸುದ್ದಿ ಓದಿದಾಗೆಲ್ಲ ಕೈಕಾಲು ನಡುಗುತ್ತದೆ.
— ಗೃಹಿಣಿ, ಹಾಸನ

ಉತ್ತರ: ಎರಡೂ ಬದಿಗೆ ಕಾಲು ಹಾಕಿ ಕೂರುವುದೇ ಕ್ಷೇಮ. ಒಂದು ಬದಿಗೆ ಕೂತಾಗ ತೊಡೆಯಿಂದ ಸೀಟು ಹಿಡಿಯಲು ಆಗುವುದಿಲ್ಲ, ಭಾರ ಎಡಕ್ಕೆ ಸರಿದಿರುತ್ತದೆ, ಬ್ರೇಕ್ ಬಿದ್ದರೆ ತಡೆಯುವುದು ಕೈ ಮಾತ್ರ. ಸಮಾರಂಭದ ಜಾಗಕ್ಕೆ ಹೋಗಿ ಸೀರೆ ಉಡುವ ಅನುಕೂಲವಿದ್ದರೆ ಚೂಡಿದಾರದಲ್ಲೇ ಹೊರಡಿ. ಎಲ್ಲರಿಗೂ ಅದು ಸಾಧ್ಯವಿಲ್ಲ ಎಂದು ನಮಗೆ ಗೊತ್ತು. ಆದ್ದರಿಂದ ಸೀರೆಯಲ್ಲಿ ಕೂರುವ ಕ್ರಮವನ್ನು ವಿವರವಾಗಿಯೇ ಬರೆಯುತ್ತಿದ್ದೇವೆ.

ನಮ್ಮಲ್ಲಿ ಸ್ಯಾರಿ ಗಾರ್ಡ್ ಇರುವುದು ಬೈಕಿನ ಎಡಬದಿಗೆ, ಕೂರುವುದೂ ಎಡಕ್ಕೆ ಮುಖ ಮಾಡಿ. ಆಗ ಸೆರಗು ಎಲ್ಲಿರುತ್ತದೆ ಎಂದು ಒಮ್ಮೆ ಗಮನಿಸಿ. ಎಡ ಭುಜದಿಂದ ಬೆನ್ನ ಮೇಲೆ ಇಳಿಬಿದ್ದ ಸೆರಗು ನಿಮ್ಮ ಹಿಂದೆ, ಅಂದರೆ ಬೈಕಿನ ಬಲಬದಿಗೆ ನೇತಾಡುತ್ತದೆ. ಆ ಬದಿಗೆ ಗಾರ್ಡ್ ಇಲ್ಲ. ಸೈಲೆನ್ಸರ್ ಮತ್ತು ಬಯಲಾಗಿರುವ ಚಕ್ರ ಮಾತ್ರ. ಗಾರ್ಡ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಕೂತವರ ಸೆರಗು ಸಿಕ್ಕಿಕೊಳ್ಳುವುದು ಹೀಗೆ.

ಹತ್ತುವ ಮೊದಲೇ ಸೆರಗನ್ನು ಬೆನ್ನ ಹಿಂದಿನಿಂದ ಬಲ ಸೊಂಟದ ಮೇಲೆ ಮುಂದಕ್ಕೆ ತಂದು, ಹೊಟ್ಟೆಯ ಮೇಲೆ ಎಳೆದು, ಎಡ ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿ. ತುದಿ ಒಂದು ಅಂಗುಲವೂ ಹೊರಗೆ ಹಾರಾಡಬಾರದು. ಭುಜಕ್ಕೆ ಪಿನ್ ಹಾಕಿದ್ದೇನೆ, ಸಾಕು ಎಂದುಕೊಳ್ಳಬೇಡಿ. ಪಿನ್ ಹಾಕಿದ ಸೆರಗು ಚಕ್ರಕ್ಕೆ ಸಿಕ್ಕಿದರೆ ಕಳಚಿಕೊಳ್ಳದೆ ಮೈಯನ್ನೇ ಎಳೆಯುತ್ತದೆ. ನೆರಿಗೆಯನ್ನು ಒಟ್ಟು ಮಾಡಿ ಮೊಣಕಾಲುಗಳ ನಡುವೆ ಹಿಡಿದುಕೊಳ್ಳಿ. ಎರಡೂ ಪಾದ ಗಾರ್ಡಿನ ಕೆಳಗಿನ ಪಟ್ಟಿಯ ಮೇಲಿರಲಿ. ಬಲಗೈ ಓಡಿಸುವವರ ಸೊಂಟಕ್ಕೆ, ಎಡಗೈ ಹಿಂದಿನ ರೈಲಿಗೆ. ಕೈಯಲ್ಲಿ ಹಣ್ಣುಕಾಯಿ ಬುಟ್ಟಿಯೋ ಮಗುವೋ ಇದ್ದರೆ ಹಿಡಿದುಕೊಳ್ಳಲು ಕೈಯೇ ಉಳಿಯಲಿಲ್ಲ. ಆಗ ಆಟೋ ಹಿಡಿಯಿರಿ.

ಚೂಡಿದಾರದ ವೇಲ್ ಇದಕ್ಕಿಂತಲೂ ಅಪಾಯ. ಕುತ್ತಿಗೆಗೆ ಸುತ್ತಿ ಎರಡೂ ತುದಿಗಳನ್ನು ಬೆನ್ನಿಗೆ ಬಿಟ್ಟುಕೊಂಡು ಬೈಕ್ ಹತ್ತುವುದನ್ನು ಇವತ್ತೇ ನಿಲ್ಲಿಸಿ. ಒಂದು ತುದಿ ಸ್ಪೋಕ್‌ಗೆ ತಾಗಿದರೆ ಚಕ್ರದ ಒಂದೆರಡು ಸುತ್ತಿನಲ್ಲೇ ಉರುಳು ಬಿಗಿಯುತ್ತದೆ. ವೇಲ್ ಬ್ಯಾಗಿನೊಳಗೆ ಹೋಗಲಿ. ಬುರ್ಖಾ, ಉದ್ದ ಲಂಗ, ಸಡಿಲ ರೇನ್‌ಕೋಟಿಗೂ ಇದೇ ಎಚ್ಚರ ಬೇಕು.

ಸಿಕ್ಕಿಯೇಬಿಟ್ಟರೆ ಜಿಗಿಯಬೇಡಿ. ‘ನಿಲ್ಲಿಸಿ’ ಎಂದು ಕೂಗಿ, ಬಟ್ಟೆ ಎಳೆಯುತ್ತಿರುವ ಕಡೆಗೇ ಮೈ ವಾಲಿಸಿ. ಓಡಿಸುವವರು ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಹಿಡಿದು, ಸಮವಾಗಿ ಬ್ರೇಕ್ ಒತ್ತಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಕುತ್ತಿಗೆ ಬಿಗಿದಿದ್ದರೆ ಮೊದಲು ಬಟ್ಟೆ ಕತ್ತರಿಸಿ, ಬೇರೆ ಯೋಚನೆಯೇ ಬೇಡ. ಟೂಲ್ ಬಾಕ್ಸಿನಲ್ಲಿ ಒಂದು ಚಿಕ್ಕ ಕತ್ತರಿ ಇಟ್ಟುಕೊಂಡಿರಬೇಕಾದದ್ದು ಇದಕ್ಕೇ. ಬಟ್ಟೆ ಮಾತ್ರ ಸಿಕ್ಕಿದ್ದರೆ ನ್ಯೂಟ್ರಲ್ ಮಾಡಿ, ಮೇನ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದ ಹಿಮ್ಮುಖವಾಗಿ ನಿಧಾನ ತಿರುಗಿಸಿ. ಹೋದ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಬ್ರೇಕ್ ಡ್ರಮ್ಮಿನ ಸಂದಿ, ಚೈನ್ ಸ್ಪ್ರಾಕೆಟ್ಟಿನಲ್ಲಿ ನೂಲು ಉಳಿದಿಲ್ಲವೆಂದು ನೋಡಿಕೊಂಡೇ ಮುಂದೆ ಹೊರಡಿ.

ಪ್ರಶ್ನೆ: ಅಪ್ಪನಿಗೆ 72 ವರ್ಷ, ಮಂಡಿನೋವು. ಆಸ್ಪತ್ರೆಗೆ ಬೈಕಿನಲ್ಲೇ ಕರೆದೊಯ್ಯಬೇಕು. ಹತ್ತಿಸುವುದೇ ಕಷ್ಟ.
— ಓದುಗರು, ಹಾವೇರಿ

ಉತ್ತರ: ಸಾಧ್ಯವಿದ್ದರೆ ಬೈಕಿಗಿಂತ ಸ್ಕೂಟರ್ ಒಳ್ಳೆಯದು. ಸೀಟು ತಗ್ಗು, ಕಾಲು ಅಷ್ಟು ಎತ್ತಬೇಕಿಲ್ಲ. ಬೈಕೇ ಆದರೆ ಮನೆಯ ಜಗಲಿಯನ್ನೋ ಫುಟ್‌ಪಾತನ್ನೋ ಬಳಸಿಕೊಳ್ಳಿ. ಬೈಕಿನ ಎಡಬದಿ ಅದಕ್ಕೆ ತಾಗುವಂತೆ ನಿಲ್ಲಿಸಿದರೆ ಅಪ್ಪ ಅರ್ಧ ಎತ್ತರ ಮೊದಲೇ ಹತ್ತಿದಂತಾಯಿತು.

ಮೊದಲು ನೀವು ಕೂತು, ಸೈಡ್ ಸ್ಟ್ಯಾಂಡ್ ಮಡಚಿ, ಎರಡೂ ಕಾಲು ಅಗಲಿಸಿ ಊರಿ, ಮುಂದಿನ ಬ್ರೇಕ್ ಬಿಗಿ ಹಿಡಿಯಿರಿ. ಮಡಚಿದ್ದ ಹಿಂದಿನ ಎರಡೂ ಫುಟ್‌ರೆಸ್ಟ್ ಹೊರಕ್ಕೆ ತೆರೆದಿರಬೇಕು. ‘ಹತ್ತಿ ಅಪ್ಪಾ’ ಎಂದು ನೀವು ಹೇಳಿದ ಮೇಲೆ ಅವರು ಎಡಗೈಯನ್ನು ನಿಮ್ಮ ಎಡ ಭುಜದ ಮೇಲಿಟ್ಟು (ಭುಜ ಹಿಡಿಯಬಹುದಾದ ಹೊತ್ತು ಇದೊಂದೇ), ಸೊಂಟ ಬಗ್ಗಿಸಿ, ಬಲಗಾಲನ್ನು ಸೀಟಿನ ಮೇಲಿಂದ ದಾಟಿಸಲಿ. ಎಡ ಫುಟ್‌ರೆಸ್ಟ್ ಮೆಟ್ಟಿ ಹತ್ತುವುದು ಚುರುಕಾದವರಿಗೆ ಸುಲಭವೇ. ಆದರೆ ಆಗ ಪೂರ್ತಿ ಭಾರ ಒಂದೇ ಬದಿಗೆ ಬೀಳುತ್ತದೆ, ಮಂಡಿಗೂ ಪೆಟ್ಟು. ಬೈಕ್ ಮೇನ್ ಸ್ಟ್ಯಾಂಡಿನಲ್ಲಿದ್ದಾಗಲೇ ಹತ್ತಿಸಿ ಆಮೇಲೆ ಸ್ಟ್ಯಾಂಡ್ ತಳ್ಳುವುದು ಬೇಡ, ಇಳಿಯುವ ಕುಲುಕಿಗೆ ವಯಸ್ಸಾದವರ ಬೆನ್ನು ತಡೆಯುವುದಿಲ್ಲ. ಇಳಿಯುವಾಗಲೂ ನಿಂತು, ಕಾಲೂರಿ, ‘ಇಳಿಯಿರಿ’ ಎಂದು ಹೇಳಿದ ಮೇಲೆ ಎಡಬದಿಗೆ. ಬಲಕ್ಕಿಳಿದರೆ ಹಿಂದಿನಿಂದ ಬರುವ ವಾಹನ, ಕಾಲಿನ ಪಕ್ಕ ಬಿಸಿ ಸೈಲೆನ್ಸರ್.

ಕೂತ ಮೇಲೆ ಪಂಚೆಯ ತುದಿ ಎಲ್ಲಿದೆ ನೋಡಿ. ಸೆರಗಿನಷ್ಟೇ ಅದಕ್ಕೂ ಗಮನ ಬೇಕು.

ಪ್ರಶ್ನೆ: ಮೂರು ವರ್ಷದ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿ, ಹೆಂಡತಿಯನ್ನು ಹಿಂದೆ ಕೂರಿಸಿ ಹೋಗುತ್ತೇವೆ. ತಪ್ಪೇ?
— ಓದುಗರು, ದಾವಣಗೆರೆ

ಉತ್ತರ: ತಪ್ಪು. ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಓಡಿಸುವವರ ಜೊತೆ ಒಬ್ಬರಿಗೆ ಮಾತ್ರ ಅವಕಾಶ ಕೊಡುತ್ತದೆ. ಮಗು ಎಂಬ ವಿನಾಯಿತಿ ಅಲ್ಲಿಲ್ಲ. ಕಾನೂನು ಹಾಗಿರಲಿ, ಟ್ಯಾಂಕಿನ ಮೇಲಿನ ಮಗುವಿಗೆ ಹ್ಯಾಂಡಲ್ಲೇ ಎದುರು. ಜೋರು ಬ್ರೇಕ್ ಬಿದ್ದರೆ ಹಿಂದಿನಿಂದ ನಿಮ್ಮ ಭಾರ, ನಿಮ್ಮ ಹಿಂದೆ ಹೆಂಡತಿಯ ಭಾರ, ಎಲ್ಲ ಸೇರಿ ಆ ಪುಟ್ಟ ಎದೆಯನ್ನು ಹ್ಯಾಂಡಲ್‌ಗೆ ಒತ್ತುತ್ತದೆ. ಸ್ಕೂಟರಿನ ಮುಂದೆ ನಿಂತ ಮಗು ಆಟಕ್ಕೆ ಆಕ್ಸಿಲರೇಟರ್ ತಿರುಗಿಸುವ ಅಪಾಯವೂ ಇದೆ.

ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ 2023ರ ಫೆಬ್ರುವರಿ 15ರಿಂದ ಬೇರೆ ನಿಯಮವೇ ಇದೆ. ಮಗುವಿಗೆ ಜಾಕೆಟ್ಟಿನಂತಹ ಸೇಫ್ಟಿ ಹಾರ್ನೆಸ್ ತೊಡಿಸಿ, ಅದರ ಪಟ್ಟಿಗಳನ್ನು ಓಡಿಸುವವರ ಭುಜಕ್ಕೆ ಹಾಕಿಕೊಳ್ಳಬೇಕು. ಹಾರ್ನೆಸ್ 30 ಕೆ.ಜಿ.ವರೆಗೆ ತಡೆಯುವಂತಿರಬೇಕು, ತಲೆಗೆ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ನಾಲ್ಕು ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ವಯಸ್ಸಿನ ಜೊತೆಗೆ ನಾವು ನೋಡುವ ಅಳತೆ ಇನ್ನೊಂದಿದೆ: ಸೀಟಿನಲ್ಲಿ ಕೂತಾಗ ಎರಡೂ ಪಾದ ಫುಟ್‌ರೆಸ್ಟಿಗೆ ಊರಬೇಕು. ಊರದಿದ್ದರೆ ಕಾಲು ತೂಗಾಡಿ ಹಿಮ್ಮಡಿ ಸ್ಪೋಕಿನೊಳಗೆ ಹೋಗುತ್ತದೆ. ಆ ಗಾಯ ಬೇಗ ಮಾಯುವುದಿಲ್ಲ. ಮಗು ತೂಕಡಿಸಿದರೆ ನಿಲ್ಲಿಸಿ. ಮುಖ ತೊಳೆಸಿ ಹೊರಡುವುದಲ್ಲ, ನಿದ್ದೆ ಮುಗಿಯುವವರೆಗೆ ಕಾಯಿರಿ.

ಪ್ರಶ್ನೆ: ನಮ್ಮ ಕಡೆ ಜೂನ್‌ನಿಂದ ಮಳೆ. ಹಿಂದೆ ಕೂತವರು ಕೊಡೆ ಹಿಡಿದರೆ ಇಬ್ಬರೂ ನೆನೆಯುವುದಿಲ್ಲ, ಮೆಲ್ಲ ಹೋದರೆ ಏನು ತೊಂದರೆ?
— ಓದುಗರು, ಪುತ್ತೂರು

ಉತ್ತರ: ಈ ವಿಷಯದಲ್ಲಿ ರಾಜಿಯೇ ಇಲ್ಲ: ಬೈಕಿನ ಮೇಲೆ ಕೊಡೆ ಬಿಚ್ಚಬಾರದು. ನೀವು 30ರಲ್ಲಿ ಹೋದರೂ ಎದುರಿನ ಬಸ್ಸು ಬೀಸಿ ತರುವ ಗಾಳಿ ನಿಮ್ಮ ಲೆಕ್ಕದಲ್ಲಿಲ್ಲ. ಕೊಡೆ ಒಮ್ಮೆಲೇ ಹಿಂದಕ್ಕೆ ಮಗುಚಿದರೆ ಹಿಡಿದವರು ಅದನ್ನು ಬಿಡುವುದಿಲ್ಲ, ಉಳಿಸಿಕೊಳ್ಳಲು ಇನ್ನೂ ಬಿಗಿ ಹಿಡಿಯುತ್ತಾರೆ. ಅದು ಮನುಷ್ಯನ ಸ್ವಭಾವ. ಕೊಡೆಯ ಜೊತೆಗೆ ಅವರೂ ಹಿಂದಕ್ಕೆ ಹೋಗುತ್ತಾರೆ, ತಲೆಯ ಹಿಂಭಾಗ ಮೊದಲು ನೆಲಕ್ಕೆ ಬಡಿಯುತ್ತದೆ. ಮುಂದಕ್ಕೆ ಬಾಗಿಸಿ ಹಿಡಿದರೆ ಓಡಿಸುವವರ ಕಣ್ಣಿಗೇ ಅಡ್ಡ. ಒಂದು ಕೈ ಕೊಡೆಗೆ ಹೋದ ಮೇಲೆ ಹಿಡಿದುಕೊಳ್ಳಲು ಉಳಿಯುವುದೂ ಒಂದೇ ಕೈ.

ಪ್ಯಾಂಟು, ಶರ್ಟು ಬೇರೆ ಬೇರೆ ಇರುವ ರೇನ್‌ಕೋಟನ್ನು ಇಬ್ಬರಿಗೂ ಒಂದೊಂದು ಇಟ್ಟುಕೊಳ್ಳಿ. ತಲೆಯ ಮೇಲಿಂದ ಹಾಕಿಕೊಳ್ಳುವ ಗೋಣಿಯಂಥದ್ದು ಗಾಳಿ ತುಂಬಿ ಹಾರುತ್ತದೆ, ಅಂಚು ಚಕ್ರಕ್ಕೆ ಹತ್ತಿರ. ಒದ್ದೆ ಫುಟ್‌ರೆಸ್ಟಿನ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ ಮಳೆಗಾಲಕ್ಕೆ ಸರಿ.

ಪ್ರಶ್ನೆ: ಒಬ್ಬನೇ ಇದ್ದಾಗ ಬೈಕ್ ಚೆನ್ನಾಗಿ ಹೋಗುತ್ತದೆ. ಸ್ನೇಹಿತ ಕೂತರೆ ಹಿಂದೆ ದಡದಡ ಬಡಿಯುತ್ತದೆ, ರಾತ್ರಿ ಎದುರಿನವರು ಡಿಪ್ ಹಾಕಿ ಎಂದು ಲೈಟ್ ಮಿಣುಕಿಸುತ್ತಾರೆ, ನಾನು ಡಿಪ್‌ನಲ್ಲೇ ಇರುತ್ತೇನೆ.
— ಓದುಗರು, ಬೆಂಗಳೂರು

ಉತ್ತರ: ಎರಡಕ್ಕೂ ಕಾರಣ ಒಂದೇ. ಹಿಂಬದಿ ಕುಸಿದಿದೆ, ಅದಕ್ಕೆ ಮುಂದಿನ ದೀಪ ಮೇಲಕ್ಕೆ ನೋಡುತ್ತಿದೆ.

ಗಾಳಿಯಿಂದ ಶುರು ಮಾಡಿ. ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕರ್‌ನಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಬರೆದಿರುತ್ತದೆ. ಇಬ್ಬರು ಕೂತರೂ ಮುಂದಿನ ಟೈರಿಗೆ ಸಾಮಾನ್ಯವಾಗಿ ಅಷ್ಟೇ ಗಾಳಿ, ಹಿಂದಿನದಕ್ಕೆ ಮಾತ್ರ ಒಬ್ಬರಿದ್ದಾಗಿನದಕ್ಕಿಂತ ಕೆಲವು ಬೈಕಿನಲ್ಲಿ 4 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಕೆಲವಲ್ಲಿ 8 ಅಥವಾ ಅದಕ್ಕೂ ಮೀರಿ ಹೆಚ್ಚಿಗೆ ಬೇಕು. ಬಂಕಿನಲ್ಲಿ ‘ಮಾಮೂಲಿ ಹಾಕು’ ಎನ್ನದೆ ಅಂಕಿ ಹೇಳಿ, ಟೈರ್ ತಣ್ಣಗಿರುವಾಗ ಹಾಕಿಸಿ.

ಎರಡು ಶಾಕ್ ಇರುವ ಬೈಕಿನಲ್ಲಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಉಂಗುರ ಇರುತ್ತದೆ, ಹೆಚ್ಚಾಗಿ ಐದು ಹಂತ. ಟೂಲ್ ಕಿಟ್ಟಿನ ಕೊಕ್ಕೆ ಸ್ಪ್ಯಾನರ್‌ನಿಂದ ಅದನ್ನು ಒಂದೆರಡು ಹಂತ ಏರಿಸಿ. ಎಡ, ಬಲ ಎರಡೂ ಒಂದೇ ಹಂತದಲ್ಲಿರಬೇಕು. ಇಲ್ಲವಾದರೆ ಬೈಕ್ ತಿರುಚಿದಂತೆ ಓಡುತ್ತದೆ. ಐದನೆಯ ಹಂತದಲ್ಲೂ ಬಡಿದರೆ ಶಾಕಿನ ಆಯಿಲ್ ಸೋರಿಹೋಗಿದೆ, ಬದಲಿಸಬೇಕು. ಚೈನ್ ಬಿಗಿ ಮಾಡಿಸುವಾಗ ಇಬ್ಬರು ಕೂರುವ ಬೈಕ್ ಎಂದು ಮೆಕ್ಯಾನಿಕ್‌ಗೆ ಹೇಳಿ. ಭಾರಕ್ಕೆ ಸ್ವಿಂಗ್ ಆರ್ಮ್ ಮೇಲೇರಿದಾಗ ಚೈನ್ ಇನ್ನಷ್ಟು ಬಿಗಿಯುತ್ತದೆ. ಹೆಚ್ಚಿನ ಕಮ್ಯೂಟರ್ ಬೈಕುಗಳಿಗೆ 20ರಿಂದ 30 ಮಿ.ಮೀ. ಸಡಿಲ ಬೇಕು.

ಇಷ್ಟಾದ ಮೇಲೂ ದೀಪ ಎತ್ತರವೆನಿಸಿದರೆ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಒಬ್ಬರೇ ಕೂತಾಗ ಡಿಪ್ ಬೆಳಕಿನ ಮೇಲಂಚಿಗೆ ಸೀಮೆಸುಣ್ಣದ ಗೆರೆ ಹಾಕಿ. ಸ್ನೇಹಿತ ಕೂತ ಮೇಲೆ ಹೆಡ್‌ಲೈಟ್ ಸ್ಕ್ರೂ ತಿರುಗಿಸಿ ಬೆಳಕನ್ನು ಆ ಗೆರೆಗೇ ಇಳಿಸಿ.

ಸ್ನೇಹಿತನ ಬೆನ್ನಿನ ಬ್ಯಾಗನ್ನೂ ನೋಡಿ. ಪಟ್ಟಿ ಸಡಿಲಿಸಿ ಬ್ಯಾಗ್ ಸೀಟಿನ ಮೇಲೆ ಕೂರುವಂತೆ ಮಾಡಿದರೆ ಅದರ ಭಾರ ಅವನನ್ನು ಹಿಂದಕ್ಕೆ ಜಗ್ಗುವುದಿಲ್ಲ.

ಪ್ರಶ್ನೆ: ತುರುಬು, ಮಲ್ಲಿಗೆ ಇದ್ದರೆ ಹೆಲ್ಮೆಟ್ ಕೂರುವುದೇ ಇಲ್ಲ. ಹಿಂದೆ ಕೂತವರಿಗೂ ಬೇಕೇ ಬೇಕೇ?
— ಶಿಕ್ಷಕಿ, ಮೈಸೂರು

ಉತ್ತರ: ಬೇಕು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ. ತುರುಬನ್ನು ಎತ್ತರಕ್ಕೆ ಕಟ್ಟಿದರೆ ಹೆಲ್ಮೆಟ್ ತಲೆಗೆ ಕೂರದೆ ತುರುಬಿನ ಮೇಲೆ ಕೂರುತ್ತದೆ, ಬಿದ್ದಾಗ ಮೊದಲು ಹಾರಿಹೋಗುವುದು ಅದೇ. ಕತ್ತಿನ ಬುಡದಲ್ಲಿ ಸಡಿಲ ಜಡೆ ಹಾಕಿ, ತಲೆಯ ಮೇಲಿನ ಕ್ಲಿಪ್ಪು, ಹೇರ್‌ಪಿನ್ ತೆಗೆದಿಡಿ. ಹೂವನ್ನು ಬಾಳೆಲೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಅಲ್ಲಿ ಮುಡಿಯಿರಿ.

ಮನೆಯಲ್ಲಿರುವ ಯಾವುದೋ ಹೆಲ್ಮೆಟ್ ಹಿಂದೆ ಕೂತವರಿಗೆ ಎಂಬ ರೂಢಿಯೂ ಬೇಡ. ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪು ಸುತ್ತಿ ಅಳೆಯಿರಿ. 58 ಸೆಂ.ಮೀ. ಬಂದರೆ ಸಾಮಾನ್ಯವಾಗಿ ಮೀಡಿಯಂ, 60 ಬಂದರೆ ಲಾರ್ಜ್. ಐಎಸ್ಐ ಗುರುತಿನ ಜೊತೆ ಐಎಸ್ 4151 ಎಂದಿರಬೇಕು. ಪಟ್ಟಿ ಬಿಗಿದ ಮೇಲೆ ಹಿಂಭಾಗದಿಂದ ಮೇಲೆತ್ತಿ ಮುಂದಕ್ಕೆ ಉರುಳಿಸಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯಲ್ಲ.

ಪ್ರಶ್ನೆ: ಅಪಘಾತವಾದರೆ ಹಿಂದೆ ಕೂತವರಿಗೆ ವಿಮೆ ಸಿಗುತ್ತದೆಯೇ?
— ಓದುಗರು, ಕಲಬುರಗಿ

ಉತ್ತರ: ಪಾಲಿಸಿ ಯಾವುದೆಂಬುದರ ಮೇಲೆ ಹೋಗುತ್ತದೆ. ಕಾನೂನಿಗೆ ಬೇಕಾದಷ್ಟೇ ಇರುವ ಥರ್ಡ್ ಪಾರ್ಟಿ ಪಾಲಿಸಿ, ಪುಕ್ಕಟೆಯಾಗಿ ಹಿಂದೆ ಕೂತವರ ಹೊಣೆ ಹೊರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಸ್ವಂತ ವಾಹನದ ಹಾನಿಯನ್ನೂ ಸೇರಿಸಿಕೊಂಡ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ. ನವೀಕರಣದ ಹೊತ್ತಿನಲ್ಲಿ ಹಿಂಬದಿ ಸವಾರರ ವೈಯಕ್ತಿಕ ಅಪಘಾತ ವಿಮೆಯನ್ನೂ ಕೇಳಿ ಸೇರಿಸಿಕೊಳ್ಳಿ.

ಪ್ರಶ್ನೆ: ಇಳಿಯುವಾಗ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿದೆ. ಟೂತ್‌ಪೇಸ್ಟ್ ಹಚ್ಚಬಹುದೇ?
— ಓದುಗರು, ಮಂಡ್ಯ

ಉತ್ತರ: ಟೂತ್‌ಪೇಸ್ಟ್, ಅರಿಶಿನ, ಶಾಯಿ, ಐಸು ಯಾವುದೂ ಬೇಡ. ಸುಟ್ಟ ತಕ್ಷಣ ನಲ್ಲಿಯ ಹರಿವ ನೀರಿಗೆ 20 ನಿಮಿಷ ಕಾಲೊಡ್ಡಬೇಕು. ಉರಿ ತಗ್ಗಿದರೂ ನೀರಿನಿಂದ ತೆಗೆಯಬೇಡಿ, ಒಳಗಿನ ಪದರದ ಬಿಸಿ ಆರಲು ಅಷ್ಟು ಹೊತ್ತು ಬೇಕು. ಗುಳ್ಳೆ ಒಡೆಯದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ನಿಮ್ಮ ಅಂಗೈಗಿಂತ ಅಗಲವಾಗಿದ್ದರೆ, ಬಿಳಿಚಿಕೊಂಡು ಸ್ಪರ್ಶವೇ ತಿಳಿಯದಿದ್ದರೆ ಅಥವಾ ಸಕ್ಕರೆ ಕಾಯಿಲೆಯಿದ್ದರೆ ಇವತ್ತೇ ವೈದ್ಯರಿಗೆ ತೋರಿಸಿ, ಟಿಟಿ ಚುಚ್ಚುಮದ್ದು ಬೇಕೇ ಎಂದು ಕೇಳಿ.